ಕೊಕ್ಕು ಕಂಡಿತು, ಮರಿ ಮಾತ್ರ ಬರಲಿಲ್ಲ

ಮಳೆಗಾಲ ಮುಗಿದು ಚಳಿಗೆ ತಿರುಗುವ ಹೊತ್ತಿಗೆ ನಮಗೆ ಬರುವ ಫೋನುಗಳಲ್ಲಿ ಒಂದು ಬಗೆಯದ್ದು ಹೆಚ್ಚುತ್ತಾ ಇದೆ. "ಬಾತುಕೋಳಿ ಮೊಟ್ಟೆಗೆ ಇಪ್ಪತ್ತೆಂಟು ದಿನ ಆಯ್ತು. ನಿನ್ನೆ ಬೆಳಿಗ್ಗೆ ತೂತು ಮಾಡಿದೆ. ಒಳಗಿಂದ ಚೀಂವ್ ಚೀಂವ್ ಅಂತ ಸ್ವರ ಉಂಟು. ಹೊರಗೆ ಮಾತ್ರ ಬರುವುದಿಲ್ಲ. ಒಡೆದು ತೆಗೆಯುವುದಾ, ಬಿಡುವುದಾ?" ಕೇಳುವವರಲ್ಲಿ ಹೆಚ್ಚಿನವರು ಮನೆಯ ಹೆಂಗಸರು, ಇಲ್ಲದಿದ್ದರೆ ಕಾಲೇಜಿಗೆ ಹೋಗುವ ಹುಡುಗರು. ಒಡೆಯಬೇಡಿ ಎಂದರೆ ಮರಿ ಒಳಗೇ ಸತ್ತೀತು, ಒಡೆಯಿರಿ ಎಂದರೆ ರಕ್ತ ಹರಿದು ಸತ್ತೀತು. ಹಾಗಾಗಿ ಫೋನಿನಲ್ಲಿ ಒಂದೇ ಮಾತಿನ ಉತ್ತರ ಕೊಡ್ಲಿಕ್ಕೆ ಆಗುವುದಿಲ್ಲ. ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ಬರೆಯೋಣ ಎಂದುಕೊಂಡೆವು.

ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಮನೆಗಳಲ್ಲಿ ಬಾತುಕೋಳಿ ಹೊಸತೇನೂ ಅಲ್ಲ. ಹೊಸತು ಆ ಪೆಟ್ಟಿಗೆ. ಹಿಂದೆ ಬಾತಿನ ಮೊಟ್ಟೆಯನ್ನು ಕಾವಿಗೆ ಕೂತ ಊರಿನ ಹೇಂಟೆಯ ಅಡಿಗೆ ಇಡುತ್ತಿದ್ದರು. ಕೋಳಿ ಮೊಟ್ಟೆಗೆ 21 ದಿನ ಸಾಕು, ಬಾತಿನದಕ್ಕೆ 28 ದಿನ ಬೇಕು. ಪಾಪದ ಹೇಂಟೆ ಒಂದು ವಾರ ಹೆಚ್ಚು ಕೂತು, ಕೊನೆಗೆ ತನ್ನ 'ಮಕ್ಕಳು' ನೀರಿಗೆ ಇಳಿದಾಗ ದಂಡೆಯಲ್ಲಿ ನಿಂತು ಬೊಬ್ಬೆ ಹಾಕುವುದನ್ನು ನೋಡಿ ನಗದವರಿಲ್ಲ. ಬಾತು ಆದರೆ ಮೈ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ಹೇಂಟೆ ಹಾಗೆ ಮಾಡುವುದಿಲ್ಲ. ಅದಕ್ಕೆ ಹಿರಿಯ ಹೆಂಗಸರು ಕೊನೆಯ ದಿನಗಳಲ್ಲಿ ಮೊಟ್ಟೆಗಳ ಮೇಲೆ ಕೈಯಿಂದ ಉಗುರುಬೆಚ್ಚಗಿನ ನೀರು ಚಿಮುಕಿಸುತ್ತಿದ್ದರು. ಯಾಕೆ ಎಂದು ಕೇಳಿದರೆ "ಹಾಗೆ ಮಾಡ್ಲಿಕ್ಕೆ ಉಂಟು" ಎನ್ನುವುದಷ್ಟೇ ಉತ್ತರ. ಇವತ್ತು ಪೆಟ್ಟಿಗೆಯಲ್ಲಿ ಸಾಯುವ ಮರಿಗಳಲ್ಲಿ ಬಹುಪಾಲಿಗೆ ಕಾರಣ ಆ ಚಿಮುಕಿಸಿದ ನೀರಿನಲ್ಲೇ ಇದೆ.

ಈಗ ಕಾವಿಗೆ ಕೂರುವ ಹೇಂಟೆ ಸಿಗುವುದು ಕಡಿಮೆ. ಮೊಟ್ಟೆಗೆಂದೇ ಸಾಕುವ ಖಾಕಿ ಕ್ಯಾಂಪ್‌ಬೆಲ್ ತಳಿಯ ಬಾತು ಕಾವಿಗೆ ಕೂರುವುದೇ ಅಪರೂಪ. ವರ್ಷಕ್ಕೆ ಇನ್ನೂರೈವತ್ತಕ್ಕೂ ಹೆಚ್ಚು ಮೊಟ್ಟೆ ಇಡುವಂತೆ ಬೆಳೆಸಿದ ತಳಿ ಅದು, ಕೂರುವ ಗುಣವೇ ಹೋಗಿದೆ. ಕುಟ್ಟನಾಡಿನ ಚಾರ, ಚೆಂಬಳ್ಳಿ ತಳಿಗಳನ್ನು ಕೇರಳದಿಂದ ತಂದವರ ಪಾಡೂ ಹೆಚ್ಚುಕಡಿಮೆ ಅದೇ. ಹಾಗಾಗಿ ಇನ್‌ಕ್ಯುಬೇಟರ್. ದುಡ್ಡಿದ್ದವರು ಆನ್‌ಲೈನಿನಲ್ಲಿ ತರಿಸುತ್ತಾರೆ. ಉಳಿದವರು ಮೀನಿನ ಥರ್ಮೊಕೋಲ್ ಪೆಟ್ಟಿಗೆಗೆ ಒಂದು ಬಲ್ಬು, ಹಳೆಯ ಕಂಪ್ಯೂಟರಿನ ಫ್ಯಾನು, ಒಂದು ಚಿಕ್ಕ ಥರ್ಮೊಸ್ಟ್ಯಾಟ್ ಕೂರಿಸಿ ತಾವೇ ಮಾಡಿಕೊಳ್ಳುತ್ತಾರೆ. ಎರಡರಲ್ಲೂ ಮರಿ ಆಗುತ್ತದೆ, ಎರಡರಲ್ಲೂ ಸಿಕ್ಕಿಹಾಕಿಕೊಳ್ಳುತ್ತದೆ.

ಒಳಗೆ ನಡೆಯುವುದೇನು?

ಮೊಟ್ಟೆಯ ದಪ್ಪ ತುದಿಯಲ್ಲಿ ಒಂದು ಗಾಳಿಯ ಜಾಗ ಇರುತ್ತದೆ. ಇಪ್ಪತ್ತೈದನೇ ದಿನದವರೆಗೂ ಮರಿ ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಚಿಪ್ಪಿನ ಒಳಮೈಗೆ ಅಂಟಿಕೊಂಡ ಪೊರೆಯ ರಕ್ತನಾಳಗಳೇ ಅದರ ಉಸಿರು, ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ಹೋಗಿ ಬರುತ್ತದೆ. ಮರಿ ದೊಡ್ಡದಾದಂತೆ ಆ ಗಾಳಿ ಸಾಲುವುದಿಲ್ಲ, ಇಂಗಾಲದ ಡೈಆಕ್ಸೈಡ್ ಏರುತ್ತದೆ, ಕುತ್ತಿಗೆಯ ಹಿಂದಿನ ಸ್ನಾಯು ಎಳೆಯಲು ಶುರುವಾಗುತ್ತದೆ. ಕೊಕ್ಕಿನ ತುದಿಯಲ್ಲಿರುವ ಚಿಕ್ಕ ಗಟ್ಟಿ ಮೊನೆಯಿಂದ ಮರಿ ಮೊದಲು ಒಳಪೊರೆ ಹರಿದು ಗಾಳಿಯ ಜಾಗಕ್ಕೆ ಕೊಕ್ಕು ಚಾಚುತ್ತದೆ. ಮೊದಲ ಉಸಿರು ಅಲ್ಲಿ. ನಮಗೆ ಸ್ವರ ಕೇಳುವುದೂ ಆಗಲೇ. ಅದಾದ ಮೇಲೆ ಚಿಪ್ಪಿಗೆ ಹೊರಗಿನ ಬಿರುಕು.

ಬಿರುಕು ಬಿಟ್ಟ ಕೂಡಲೇ ಮರಿ ಬರಬೇಕು ಅಂತ ನಾವು ಅಂದುಕೊಳ್ಳುವುದು. ಬಾತು ಹಾಗಲ್ಲ ಮಾರಾಯ್ರೆ. ಕೋಳಿಮರಿಗಿಂತ ನಿಧಾನ. ಹೊರಗಿನ ಬಿರುಕಿನ ನಂತರ 24 ಗಂಟೆ, ಕೆಲವೊಮ್ಮೆ 36, ಅಪರೂಪಕ್ಕೆ 48 ಗಂಟೆಯೂ ಸುಮ್ಮನೆ ಇರುತ್ತದೆ. ನೋಡುವವರಿಗೆ ಸುಮ್ಮನೆ, ಒಳಗೆ ಎರಡು ದೊಡ್ಡ ಕೆಲಸ ನಡೆಯುತ್ತಿರುತ್ತದೆ. ಪೊರೆಯ ರಕ್ತನಾಳಗಳಲ್ಲಿರುವ ರಕ್ತ ಮರಿಯ ಮೈಗೆ ವಾಪಸ್ ಹೋಗಬೇಕು. ಉಳಿದ ಹಳದಿ ಭಾಗ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಬೇಕು. ಅದು ಮುಗಿದ ಮೇಲೆಯೇ ಮರಿ ಚಿಪ್ಪಿನ ಸುತ್ತ ಕತ್ತರಿಸುತ್ತಾ ತಿರುಗಿ, ಮುಚ್ಚಳದ ಹಾಗೆ ತಳ್ಳಿ ಹೊರಗೆ ಬರುವುದು. ಆ ಎರಡು ಕೆಲಸ ಮುಗಿಯುವ ಮೊದಲು ಚಿಪ್ಪು ತೆಗೆದರೆ ಮರಿ ರಕ್ತ ಸುರಿಸಿಕೊಂಡು ಸಾಯುತ್ತದೆ, ಇಲ್ಲವೇ ಹಳದಿ ಚೀಲ ಹೊರಗೆ ನೇತಾಡುತ್ತದೆ. ಕನಿಕರಕ್ಕೆ ಒಡೆದು ಕೊಂದವರನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಹಾಗಾದರೆ ಕೈ ಹಾಕಲೇಬಾರದಾ? "ಬರುವುದು ಬರ್ತದೆ, ಬಾರದ್ದು ಬಲಹೀನ, ಬಿಟ್ಟುಬಿಡಿ" ಎನ್ನುವವರಿದ್ದಾರೆ. ಆ ಮಾತು ತಾಯಿಯ ಅಡಿಯಲ್ಲಿರುವ ಮೊಟ್ಟೆಗೆ ಸರಿಹೋದೀತು, ಪೆಟ್ಟಿಗೆಯದ್ದಕ್ಕೆ ಪೂರ್ತಿ ಒಪ್ಪುವುದಿಲ್ಲ ನಾವು. ಪೆಟ್ಟಿಗೆಯೊಳಗಿನ ಮರಿ ಸಿಕ್ಕಿಬೀಳುವುದು ಎಷ್ಟೋ ಸಲ ತನ್ನ ಬಲಹೀನತೆಯಿಂದ ಅಲ್ಲ, ಪೆಟ್ಟಿಗೆಯ ಗಾಳಿ ಒಣಗಿದ್ದರಿಂದ.

ಕಡಲ ತೀರದಲ್ಲೂ ಒಣ ಗಾಳಿ

ಇದು ನಂಬಲು ಕಷ್ಟ. ಮಂಗಳೂರಿನಲ್ಲಿ ಬಟ್ಟೆ ಒಣಗದ ಜುಲೈಯಲ್ಲಿ ಪೆಟ್ಟಿಗೆಯಲ್ಲಿ ಒಣಗುವುದು ಹೇಗೆ? ಲೆಕ್ಕ ಹೀಗೆ. ಹೊರಗೆ 27 ಡಿಗ್ರಿಯಲ್ಲಿ ತೇವಾಂಶ 90 ಶೇಕಡಾ ಇದ್ದರೂ, ಅದೇ ಗಾಳಿಯನ್ನು 37.5 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ 50ರ ಹತ್ತಿರಕ್ಕೆ ಇಳಿಯುತ್ತದೆ. ಬಿಸಿ ಗಾಳಿ ಹೆಚ್ಚು ನೀರು ಹಿಡಿದುಕೊಳ್ಳಬಲ್ಲದು, ಅದಕ್ಕೆ. ಜನವರಿಯ ರಾತ್ರಿ 25 ಡಿಗ್ರಿ, 60 ಶೇಕಡಾ ಇದ್ದರೆ ಪೆಟ್ಟಿಗೆಯೊಳಗೆ 30 ಕೂಡ ಉಳಿಯುವುದಿಲ್ಲ. ಬಾತಿಗೆ ಮೊದಲ 25 ದಿನ 55ರ ಆಸುಪಾಸು ಬೇಕು, ಕೊನೆಯ ಮೂರು ದಿನ 70ರ ಮೇಲೆ. ಕೊನೆಯ ದಿನಗಳಲ್ಲಿ ಅಗಲ ಬಾಯಿಯ ನೀರಿನ ತಟ್ಟೆ, ಅದರಲ್ಲಿ ಒಂದು ಸ್ಪಂಜು ಇಡಬೇಕು. ನೀರಿನ ಆಳಕ್ಕಿಂತ ಅಗಲ ಮುಖ್ಯ.

ತೇವಾಂಶ ತೋರಿಸುವ ಅಗ್ಗದ ಮೀಟರುಗಳು ಹತ್ತು ಹದಿನೈದು ಹೆಚ್ಚುಕಡಿಮೆ ತೋರಿಸುತ್ತವೆ. ಪರೀಕ್ಷೆಗೆ ಅಡುಗೆಮನೆಯೇ ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿ ಹೋಗದಷ್ಟು, ಬರೀ ಕೆಸರಾಗುವಷ್ಟು ನೀರು ಬಿಡಿ. ಅದನ್ನೂ ಮೀಟರನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಆಡದಂತೆ ಕಟ್ಟಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. 66 ತೋರಿಸಿದರೆ ನಿಮ್ಮ ಮೀಟರು 9 ಕಡಿಮೆ ಹೇಳುತ್ತದೆ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿಡಿ.

ಅದಕ್ಕಿಂತ ನಂಬಿಕೆಯದು ತಕ್ಕಡಿ. ಬಾತಿನ ಮೊಟ್ಟೆ ಇಪ್ಪತ್ತೈದು ದಿನದಲ್ಲಿ ತನ್ನ ತೂಕದ ನೂರಕ್ಕೆ 13ರಷ್ಟು ಕಳೆದುಕೊಳ್ಳಬೇಕು. 70 ಗ್ರಾಂ ಮೊಟ್ಟೆ 61ರ ಹತ್ತಿರ ಬರಬೇಕು. ತೀರಾ ಕಡಿಮೆ ಇಳಿದರೆ ಮರಿ ಊದಿಕೊಂಡು ಗಾಳಿಯ ಜಾಗವೇ ಚಿಕ್ಕದಾಗುತ್ತದೆ, ತೀರಾ ಹೆಚ್ಚು ಇಳಿದರೆ ಪೊರೆ ಒಣಗಿ ಮರಿಯ ಮೈಗೆ ಪ್ಲಾಸ್ಟಿಕ್ ಹಾಳೆಯ ಹಾಗೆ ಸುತ್ತಿಕೊಳ್ಳುತ್ತದೆ. ವಾರಕ್ಕೊಮ್ಮೆ ನಾಲ್ಕು ಮೊಟ್ಟೆ ತೂಗಿದರೆ ಸಾಕು, ಪೆನ್ಸಿಲಿನಲ್ಲಿ ಚಿಪ್ಪಿನ ಮೇಲೆಯೇ ಬರೆಯಬಹುದು.

ಬಿಸಿಯ ಬಗ್ಗೆ ಎರಡೇ ಮಾತು. ಫ್ಯಾನ್ ಇದ್ದ ಪೆಟ್ಟಿಗೆಗೆ 37.5. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.5ರ ಆಸುಪಾಸು. ಮೊಟ್ಟೆಯನ್ನು ದಿನಕ್ಕೆ ಮೂರು ಸಲವಾದರೂ ತಿರುಗಿಸಬೇಕು, 25ನೇ ದಿನಕ್ಕೆ ತಿರುಗಿಸುವುದು ನಿಲ್ಲಿಸಬೇಕು. ಚೂಪು ತುದಿ ಮೇಲೆ ಮಾಡಿ ಇಟ್ಟರೆ ಮರಿಯ ತಲೆ ತಪ್ಪು ಕಡೆಗೆ ಬರುವ ಸಂಭವ ಹೆಚ್ಚು. ದಪ್ಪ ತುದಿ ಮೇಲೆ ಇರಲಿ, ಅಥವಾ ಅಡ್ಡಲಾಗಿ ಮಲಗಿಸಿ.

ಪಾವೂರು ಕಡೆಯ ಒಂದು ಮನೆ

ಹೊಳೆಬದಿಯ ಒಂದು ಮನೆಗೆ ಕಳೆದ ಚಳಿಗಾಲದಲ್ಲಿ ಹೋಗಿದ್ದೆವು. ಆ ತಾಯಿಯ ಬಾತುಗಳನ್ನು ಅದಕ್ಕಿಂತ ಒಂದು ತಿಂಗಳ ಮೊದಲು ಬೀದಿನಾಯಿಗಳು ಒಂದೇ ರಾತ್ರಿ ಮುಗಿಸಿದ್ದವು. ಗಂಡು ಸೇರಿ ಒಂಬತ್ತೂ ಹೋದವು. ಮೊಟ್ಟೆ ಮಾರಿ ಬರುತ್ತಿದ್ದ ದುಡ್ಡಿನಲ್ಲೇ ಕಿರಿಯ ಮಗಳ ಬಸ್ ಪಾಸು, ಪುಸ್ತಕ ಎಲ್ಲ ನಡೆಯುತ್ತಿತ್ತು. ಉಳಿದದ್ದು ಅಡುಗೆಮನೆಯ ಬುಟ್ಟಿಯಲ್ಲಿದ್ದ ಹನ್ನೆರಡು ಮೊಟ್ಟೆ ಮಾತ್ರ. ಅದನ್ನೇ ದೊಡ್ಡ ಮಗ ಮೀನಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಹತ್ತನೇ ದಿನ ಮೊಬೈಲ್ ಟಾರ್ಚಿನಲ್ಲಿ ನೋಡಿದಾಗ ಎರಡು ಖಾಲಿ, ಹತ್ತರಲ್ಲಿ ಜೀವ. ಇಪ್ಪತ್ತೆಂಟನೇ ದಿನದ ರಾತ್ರಿಯ ಹೊತ್ತಿಗೆ ಏಳು ಮರಿ ಹೊರಗೆ ಬಂದಿದ್ದವು. ಮೂರು ಬಾಕಿ.

ಬಾಕಿ ಆದದ್ದಕ್ಕೆ ಕಾರಣ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಪ್ರತಿ ಮರಿ ಬಂದಾಗಲೂ ಹುಡುಗ ಮುಚ್ಚಳ ತೆಗೆದು ದಮ್ಮಾಮಿನಲ್ಲಿರುವ ಅಣ್ಣನಿಗೆ ವಿಡಿಯೋ ಕಳಿಸಿದ್ದ. ಮುಚ್ಚಳ ಒಮ್ಮೆ ತೆಗೆದರೆ ಒಳಗಿನ ತೇವ ಕ್ಷಣದಲ್ಲಿ ಹೊರಗೆ. ಬಿರುಕು ಬಿಟ್ಟ ಮೊಟ್ಟೆಯ ಪೊರೆಗೆ ಅಷ್ಟು ಸಾಕು. "ಮೋನೇ, ಇನ್ನು ಮುಟ್ಟಿದರೆ ಮೊಬೈಲ್ ಹೊಳೆಗೆ" ಎಂದು ತಾಯಿ ಹೇಳಿದ ಮೇಲೆ ವಿಡಿಯೋ ನಿಂತಿತು.

ಮೂರು ಮೊಟ್ಟೆಗೂ ಮೂರು ರೋಗ. ಒಂದಕ್ಕೆ ಹೊರಗೆ ಬಿರುಕೇ ಇಲ್ಲ, ಒಳಗಿಂದ ಸ್ವರ ಮಾತ್ರ, ಅದು ಕೇಳಲು ಶುರುವಾಗಿ ಒಂದೂವರೆ ದಿನ ಕಳೆದಿತ್ತು. ಎರಡನೆಯದರ ಬಿರುಕಿಗೆ 30 ಗಂಟೆ, ಕಾಣುವ ಪೊರೆ ಬಿಳಿ ಇದ್ದದ್ದು ಕಂದಾಗಿ ಹಳೇ ಕಾಗದದ ಹಾಗೆ ಆಗಿತ್ತು. ಮೂರನೆಯದು ಚೂಪು ತುದಿಯಲ್ಲಿ ಒಡೆದಿತ್ತು. ಕೈ ಹಾಕಲೇಬೇಕಾದ ಮೂರು ಸಂದರ್ಭಗಳೂ ಹೆಚ್ಚುಕಡಿಮೆ ಇವೇ. ಇವು ಇಲ್ಲದೆ, ಮರಿ ಆಗಾಗ ಅಲುಗುತ್ತಾ ಸ್ವರ ಕೊಡುತ್ತಾ ಇದ್ದರೆ ಗಡಿಯಾರ ನೋಡುತ್ತಾ ಕೂರುವುದೇ ಕೆಲಸ.

ಮೊದಲನೆಯದಕ್ಕೆ ಮಾಡಿದ್ದು ಒಂದು ಸೂಜಿ ತೂತು. ಕೋಣೆ ಕತ್ತಲು ಮಾಡಿ ದಪ್ಪ ತುದಿಗೆ ಟಾರ್ಚ್ ಹಿಡಿದರೆ ಗಾಳಿಯ ಜಾಗ ಬೆಳ್ಳಗೆ, ಉಳಿದದ್ದು ಕಪ್ಪಗೆ ಕಾಣುತ್ತದೆ. ಆ ಗಡಿಯನ್ನು ಪೆನ್ಸಿಲಿನಲ್ಲಿ ಗುರುತು ಮಾಡಬೇಕು. ಕೊಕ್ಕಿನ ನೆರಳು ಎಲ್ಲಿ ಅಲುಗುತ್ತದೋ ಅದರಿಂದ ಸ್ವಲ್ಪ ಮೇಲೆ, ಗಡಿಯ ಒಳಗೆ, ಕುದಿಸಿದ ದಪ್ಪ ಸೂಜಿಯನ್ನು ಚುಚ್ಚದೆ ತಿರುಗಿಸುತ್ತಾ ತಿರುಗಿಸುತ್ತಾ ಚಿಪ್ಪು ಕೊರೆಯಬೇಕು. ತೂತು ಸಾಸಿವೆ ಕಾಳಿನಷ್ಟಾದರೆ ಸಾಕು, ಅದು ಉಸಿರಿಗೆ ಮಾತ್ರ. ಆಮೇಲೆ ಮೊಟ್ಟೆ ಪೆಟ್ಟಿಗೆಗೆ, ಮುಚ್ಚಳ ಮುಚ್ಚಿ, ಕನಿಷ್ಠ ಹನ್ನೆರಡು ಗಂಟೆ ಅದರ ತಂಟೆಗೆ ಹೋಗುವಂತಿಲ್ಲ. ಸಂಜೆಗೆ ಆ ಮರಿ ತೂತಿನ ಪಕ್ಕದಲ್ಲೇ ತಾನೇ ಬಿರುಕು ಮಾಡಿತು. ಮರುದಿನ ಮಧ್ಯಾಹ್ನ ಯಾರ ಸಹಾಯವೂ ಇಲ್ಲದೆ ಬಂತು.

ಎರಡನೆಯದು ಇಡೀ ದಿನ ತೆಗೆದುಕೊಂಡಿತು. ಸಾಬೂನಿನಲ್ಲಿ ಕೈ ತೊಳೆದು, ಬಾತ್‌ರೂಮಿನಲ್ಲಿ ಬಿಸಿನೀರು ಬಿಟ್ಟು ಹಬೆ ಮಾಡಿ ಅಲ್ಲೇ ಕೂತದ್ದು. ಒಣ ಕೋಣೆಯಲ್ಲಿ ಕೂತು ಮಾಡಿದರೆ ಇದ್ದ ಪೊರೆಯೂ ಒಣಗುತ್ತದೆ. ಬಿರುಕಿನಿಂದ ಶುರು ಮಾಡಿ ಗಾಳಿಯ ಜಾಗದ ಮೇಲಿನ ಚಿಪ್ಪನ್ನು ಮಾತ್ರ ಉಗುರಿನಲ್ಲಿ ಚೂರು ಚೂರೇ ತೆಗೆದರು, ಒಳಗಿನ ಪೊರೆ ಹಾಗೇ ಬಿಟ್ಟರು. ಅದರ ಮೇಲೆ ಹತ್ತಿಯ ತುದಿಯಿಂದ ಉಗುರುಬೆಚ್ಚಗಿನ ತೆಂಗಿನೆಣ್ಣೆ, ಮೂಗಿನ ತೂತಿಗೆ ತಾಗದ ಹಾಗೆ. ಎಣ್ಣೆ ತಾಗಿದ ಕೂಡಲೇ ಪೊರೆ ಗಾಜಿನ ಹಾಗೆ ಆಗುತ್ತದೆ, ಒಳಗಿನದ್ದು ಕಾಣುತ್ತದೆ. ಕೆಂಪು ದಾರದಂತಹ ನಾಳಗಳು ಇದ್ದವು. ಇದ್ದರೆ ನಿಲ್ಲಿಸಬೇಕು, ಅಲ್ಲಿಗೆ ಮುಗಿಯಿತು, ವಾಪಸ್ ಪೆಟ್ಟಿಗೆಗೆ. ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿದರೆ ನಾಳ ತೆಳುವಾಗಿತ್ತು, ಆದರೆ ಮರಿ ಬಾಯಿ ತೆರೆದು ಮುಚ್ಚಿ ಏನೋ ಜಗಿಯುವ ಹಾಗೆ ಮಾಡುತ್ತಿತ್ತು. ಹಾಗೆ ಮಾಡುತ್ತಿದ್ದರೆ ಹಳದಿ ಇನ್ನೂ ಒಳಗೆ ಹೋಗುತ್ತಿದೆ ಅಂತ ಅರ್ಥ, ಮತ್ತೆ ಕಾಯಬೇಕು. ಒಮ್ಮೆ ಪೊರೆಯ ಅಂಚಿನಲ್ಲಿ ಒಂದು ಹನಿ ರಕ್ತ ಬಂತು. ಅಡುಗೆಮನೆಯ ಕಾರ್ನ್‌ಫ್ಲೋರ್ ಚಿಟಿಕೆ ಒತ್ತಿ ಹಿಡಿದರು, ನಿಂತಿತು.

ಅದೇ ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋಯಿತು. ಬಂದದ್ದು ಹನ್ನೆರಡೂವರೆಗೆ. ಬಿಸಿನೀರು ತುಂಬಿದ ನಾಲ್ಕು ಬಾಟಲಿಗಳಿಗೆ ಹಳೇ ಟವೆಲ್ ಸುತ್ತಿ ಪೆಟ್ಟಿಗೆಯ ಮೂಲೆಗಳಲ್ಲಿ ಇಟ್ಟು, ಮೇಲೆ ಕಂಬಳಿ ಹೊದೆಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿದರು. ಥರ್ಮೊಕೋಲಿನ ಪ್ರಯೋಜನ ಆಗ ಗೊತ್ತಾಗುವುದು, ಬಿಸಿ ಬೇಗ ಬಿಡುವುದಿಲ್ಲ. ಗಾಳಿ ಹೋಗುವ ತೂತುಗಳನ್ನು ಕಂಬಳಿಯಿಂದ ಮುಚ್ಚಬಾರದು ಎಂದು ನಾವು ನೆನಪಿಸಬೇಕಾಯಿತು. ಬಿರುಕು ಬಿಟ್ಟ ಮರಿಗಳಿಗೆ ಬಿಸಿಯಷ್ಟೇ ಗಾಳಿಯೂ ಬೇಕು.

ಬೆಳಗಿನ ಜಾವಕ್ಕೆ ಎರಡನೆಯದರಲ್ಲಿ ಕೆಂಪು ನಾಳ ಒಂದೂ ಇರಲಿಲ್ಲ. ಪೊರೆಯನ್ನು ಕೊಕ್ಕಿನ ಮೇಲಿಂದ ಹಿಂದಕ್ಕೆ ಸರಿಸಿ ತಲೆ ಬಿಡಿಸಿದರು, ರೆಕ್ಕೆಯ ಅಡಿಯಿಂದ ತಲೆ ಎತ್ತಿ ಮರಿ ಉದ್ದ ಉಸಿರು ಬಿಟ್ಟಿತು. ಅಷ್ಟಕ್ಕೇ ನಿಲ್ಲಿಸಿ, ಕೆಳಗಿನ ಅರ್ಧ ಚಿಪ್ಪಿನಲ್ಲೇ ಕೂರಿಸಿ ಪೆಟ್ಟಿಗೆಗೆ ಇಟ್ಟರು. ಎಳೆದು ತೆಗೆಯಬಾರದು. ಹೊಕ್ಕುಳು ಇನ್ನೂ ಚಿಪ್ಪಿಗೆ ಅಂಟಿಕೊಂಡಿರಬಹುದು, ಕಾಲಿನಿಂದ ಒದ್ದು ಬರುವ ಆ ಕೆಲಸ ಮರಿಯೇ ಮಾಡಬೇಕು. ಎರಡು ಗಂಟೆಯಲ್ಲಿ ಬಂತು.

ಮೂರನೆಯದು ಬರಲಿಲ್ಲ. ಚೂಪು ತುದಿಯಲ್ಲಿ ತಲೆ ಇರುವ ಮರಿಗೆ ತಿರುಗಲು ಜಾಗ ಇಲ್ಲ, ಗಾಳಿಯ ಜಾಗ ಕಾಲಿನ ಕಡೆಗೆ. ಕೊಕ್ಕಿನ ಸುತ್ತ ಚಿಪ್ಪು ತೆಗೆದು ಉಸಿರಿಗೆ ದಾರಿ ಮಾಡಿಕೊಟ್ಟಿದ್ದರು. ನಾಳಗಳೆಲ್ಲ ಕೆಂಪಗೆ ತುಂಬಿಕೊಂಡಿದ್ದವು, ಮುಂದೆ ಹೋಗುವಂತಿರಲಿಲ್ಲ. ರಾತ್ರಿ ಹನ್ನೊಂದರವರೆಗೂ ಸ್ವರ ಇತ್ತು. ಕರೆಂಟ್ ಬಂದಾಗ ಇರಲಿಲ್ಲ. ಆ ತಾಯಿ ಅದನ್ನು ಕೈಯಲ್ಲಿ ಹಿಡಿದುಕೊಂಡು, "ಒಡೆದಿದ್ದರೆ ಬದುಕುತ್ತಿತ್ತಾ?" ಎಂದು ಕೇಳಿದರು. ಇಲ್ಲ. ಆ ಹೊತ್ತಿಗೆ ಒಡೆದಿದ್ದರೆ ಅರ್ಧ ಗಂಟೆ ಮೊದಲೇ ಹೋಗುತ್ತಿತ್ತು. ನೀವು ಮಾಡಿದ್ದರಲ್ಲಿ ತಪ್ಪಿಲ್ಲ ಎಂದೆವು. ಅವರು ಅದನ್ನು ತೆಂಗಿನ ಬುಡದಲ್ಲಿ ಹೂತು ಬಂದು, ಕೈ ತೊಳೆದು, ಎರಡನೆಯದರ ತಟ್ಟೆಗೆ ಬಿಸಿನೀರು ಹಾಕಿದರು.

ಬಂದ ಮೇಲೆ

ಸಹಾಯ ಪಡೆದು ಬಂದ ಮರಿಗೆ ಮೊದಲ ನಾಲ್ಕು ದಿನ ಸ್ವಲ್ಪ ಹೆಚ್ಚು ಗಮನ ಬೇಕು. ಹೊಕ್ಕುಳಿಗೆ ಪೊವಿಡೋನ್ ಅಯೋಡಿನ್ ಒಂದು ಹನಿ ಮುಟ್ಟಿಸಿ. ಹಳದಿ ಚೀಲದ ಚೂರು ಹೊರಗೆ ಕಂಡರೆ ಎಳೆಯಬೇಡಿ, ಕತ್ತರಿಸಬೇಡಿ. ಒದ್ದೆ ಸ್ವಚ್ಛ ಬಟ್ಟೆಯ ಮೇಲೆ ಪೆಟ್ಟಿಗೆಯಲ್ಲೇ ಬೇರೆ ಇಡಿ, ಉಳಿದ ಮರಿಗಳು ಕುಟುಕಿಯಾವು. ಪುಕ್ಕ ಪೂರ್ತಿ ಒಣಗಿ ನಯವಾದ ಮೇಲಷ್ಟೇ ಹೊರಗೆ ತೆಗೆಯುವುದು. ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಮೊದಲ ದಿನ ತಿನ್ನದಿದ್ದರೂ ಗಾಬರಿ ಬೇಡ.

ಪಾವೂರಿನ ಆ ಮರಿಗೆ ಕಾಲು ಎರಡೂ ಬದಿಗೆ ಜಾರುತ್ತಿತ್ತು. ಚಿಪ್ಪಿನಲ್ಲಿ ಹೆಚ್ಚು ಹೊತ್ತು ಮಡಚಿ ಕೂತವಕ್ಕೆ ಇದು ಬರುವುದುಂಟು, ನ್ಯೂಸ್‌ಪೇಪರ್ ಹಾಸಿದರೆ ಇನ್ನೂ ಹೆಚ್ಚಾಗುತ್ತದೆ (ನಮ್ಮದೇ ಪತ್ರಿಕೆ ಆದರೂ ಹಾಸಬೇಡಿ). ಒರಟು ಟವೆಲ್ ಹಾಸಿ, ಗಾಯಕ್ಕೆ ಹಚ್ಚುವ ಪಟ್ಟಿಯ ತೆಳು ತುಂಡಿನಿಂದ ಎರಡು ಕಾಲುಗಳನ್ನು ಸಹಜ ಅಂತರದಲ್ಲಿ ನಿಲ್ಲುವಂತೆ ಸಡಿಲವಾಗಿ ಕಟ್ಟಿದರು. ನಾಲ್ಕನೇ ದಿನ ಬಿಚ್ಚಿದಾಗ ನಡೆಯುತ್ತಿತ್ತು.

ಆಹಾರದಲ್ಲಿ ಒಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. ಕೋಳಿಮರಿಯ ಫೀಡನ್ನೇ ಬಾತಿನ ಮರಿಗೂ ಹಾಕುತ್ತೇವೆ. ಬಾತಿಗೆ ನಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಕೋಳಿಗಿಂತ ಹೆಚ್ಚು ಬೇಕು, ಸಾಲದಿದ್ದರೆ ಎರಡನೇ ವಾರಕ್ಕೆ ಕಾಲು ಬಾಗುತ್ತದೆ. ಪಶು ಆಸ್ಪತ್ರೆಯಲ್ಲಿ ಕೇಳಿ, ಕುಡಿಯುವ ನೀರಿಗೆ ಬೆರೆಸುವ ಔಷಧಿ ಬರೆದುಕೊಡುತ್ತಾರೆ. ನೀರಿನ ಪಾತ್ರೆ ಮೂಗು ಮುಳುಗುವಷ್ಟು ಆಳ ಇರಲಿ, ಮರಿ ಒಳಗೆ ಬೀಳದಂತೆ ನಾಲ್ಕು ಕಲ್ಲು ಹಾಕಿ. ಬಾತು ಎಂದು ಹೊಳೆಗೆ ಬಿಡಬೇಡಿ. ತಾಯಿ ಇಲ್ಲದ ಪೆಟ್ಟಿಗೆಯ ಮರಿ ಮೊದಲ ವಾರಗಳಲ್ಲಿ ಬೇಗ ಒದ್ದೆಯಾಗಿ ಚಳಿ ಹಿಡಿದು ಸಾಯುತ್ತದೆ. ಮಕ್ಕಳಿಗೆ ಒಂದು ಮಾತು ಹೇಳಿಡಿ: ಮರಿಗೆ ಮುತ್ತು ಕೊಡುವುದು ಬೇಡ, ಮುಟ್ಟಿದ ಮೇಲೆ ಸಾಬೂನು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆರೋಗ್ಯವಾಗಿ ಕಾಣುವ ಮರಿಯಲ್ಲೂ ಇರುತ್ತದೆ.

ಇನ್ನೊಂದು ಪ್ರಶ್ನೆ, ಕೈ ಹಾಕಿ ತೆಗೆದ ಮರಿಯನ್ನು ಮುಂದೆ ತಳಿಗೆ ಇಡಬಹುದಾ? ಒಣ ಗಾಳಿಯಿಂದ ಸಿಕ್ಕಿಬಿದ್ದದ್ದಾದರೆ ಇಡಬಹುದು. ಪೆಟ್ಟಿಗೆಯಲ್ಲಿ ಎಲ್ಲ ಸರಿಯಿದ್ದೂ ಒಂದೇ ಬಾತಿನ ಮೊಟ್ಟೆಗಳು ಪ್ರತಿ ಸಲ ಸಿಕ್ಕಿಬೀಳುತ್ತಿದ್ದರೆ ಆ ಸಾಲನ್ನು ಮೊಟ್ಟೆ ತಿನ್ನಲು ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಪಾವೂರಿನ ಮನೆಯಲ್ಲಿ ಈಗ ಒಂಬತ್ತು ಬಾತು. ಆರು ಹೆಣ್ಣು, ಮೂರು ಗಂಡು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡದ್ದು ಹೆಣ್ಣು, ಐದೂವರೆ ತಿಂಗಳಿಗೆ ಮೊಟ್ಟೆ ಶುರು ಮಾಡಿದೆ. ಗೂಡಿಗೆ ನೆಲದಿಂದ ಎರಡಡಿ ಎತ್ತರಕ್ಕೆ ಕಲ್ಲು ಕಟ್ಟಿ ಕಬ್ಬಿಣದ ಬಲೆ ಹಾಕಿಸಿದ್ದಾರೆ. ದಮ್ಮಾಮಿನ ಅಣ್ಣ ಹೊಸ ಇನ್‌ಕ್ಯುಬೇಟರ್ ಕಳಿಸುತ್ತೇನೆ ಎಂದಿದ್ದಾನಂತೆ. ತಾಯಿ ಬೇಡ ಎಂದಿದ್ದಾರೆ, ಇನ್ವರ್ಟರ್ ಕಳಿಸು ಎಂದಿದ್ದಾರೆ.